ಎಷ್ಟು ಕೋಣೆ ಎಂದು ಮಣ್ಣನ್ನು ಕೇಳಿ

ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ಪಶ್ಚಿಮಕ್ಕೆ ಬ್ಲೂ ರಿಡ್ಜ್ ಬೆಟ್ಟಸಾಲು. ಆಶ್‌ವಿಲ್ ಸುತ್ತ ಜಾಗ ನೋಡುವ ಕನ್ನಡಿಗರ ಮೊದಲ ಪ್ರಶ್ನೆ, ಬಾಗಿಲು ಪೂರ್ವಕ್ಕೆ ಬರುತ್ತದೆಯೇ ಎಂಬುದು. ಇಲ್ಲಿಯವರ ಮೊದಲ ಪ್ರಶ್ನೆ, ಈ ಮಣ್ಣು ಎಷ್ಟು ಬೆಡ್‌ರೂಮಿನ ಕೊಳಚೆ ನೀರು ಕುಡಿಯುತ್ತದೆ ಎಂಬುದು. ಒಳಚರಂಡಿ ಇಲ್ಲದ ಕಡೆ ಮನೆಯ ಕೊಳಚೆ ನೀರು ಸೆಪ್ಟಿಕ್ ಟ್ಯಾಂಕಿನಿಂದ ಉದ್ದನೆಯ ಟ್ರೆಂಚುಗಳಿಗೆ ಹೋಗಿ ಮಣ್ಣಲ್ಲೇ ಇಂಗಬೇಕು. ಹಾಗಾಗಿ ಮಣ್ಣಿನ ತಪಾಸಣೆ ಮುಗಿಯದೆ ಮನೆಗೆ ಪರ್ಮಿಟ್ ಇಲ್ಲ, ಎಷ್ಟು ಬೆಡ್‌ರೂಮ್ ಎಂಬುದೂ ಅಲ್ಲೇ ತೀರ್ಮಾನ. ನಮ್ಮಲ್ಲಿ ನಕ್ಷೆ, ವಾಸ್ತು, ಜೆಸಿಬಿ ಎಲ್ಲ ಮುಗಿದ ಮೇಲೆ ಉಳಿದ ಮೂಲೆಗೆ ಗುಂಡಿ. ಈ ವಿಷಯದಲ್ಲಿ ಇಲ್ಲಿಯ ಕ್ರಮವೇ ಸರಿ ಅನ್ನುತ್ತೇನೆ.

ಜನ ಈ ತಪಾಸಣೆಯನ್ನು 'ಪರ್ಕ್ ಟೆಸ್ಟ್', ಅಂದರೆ ನೀರು ಇಂಗುವ ಪರೀಕ್ಷೆ, ಎನ್ನುತ್ತಾರೆ. ಆದರೆ ಈ ರಾಜ್ಯದಲ್ಲಿ ಗುಂಡಿಗೆ ನೀರು ಸುರಿದು ಗಡಿಯಾರ ನೋಡುವುದಿಲ್ಲ. ಸುಮಾರು 4 ಅಡಿ ಕೊರೆದು ಅಥವಾ ತೋಡಿಸಿ ಮಣ್ಣನ್ನೇ ಓದುತ್ತಾರೆ. ಒದ್ದೆ ಮಣ್ಣನ್ನು ಹೆಬ್ಬೆರಳು, ತೋರುಬೆರಳ ನಡುವೆ ಒತ್ತಿ ಪಟ್ಟಿ ಎಳೆದಾಗ 1 ಇಂಚಿಗೆ ಮೊದಲೇ ಮುರಿದರೆ ಗೋಡು, 2 ಇಂಚು ದಾಟಿದರೆ ಜೇಡಿ. ಅದಕ್ಕಿಂತ ಮುಖ್ಯ ಬಣ್ಣ. ನೀರು ನಿಂತ ಕಡೆ ಕಬ್ಬಿಣದ ಅಂಶ ಕರಗಿಹೋಗಿ ಕೆಂಪು ಮಣ್ಣಲ್ಲಿ ಬೂದು ಮಚ್ಚೆ ಉಳಿಯುತ್ತದೆ. ಒಣಗಿದ ದಿನ ನೋಡಿದರೂ ಮಳೆಗಾಲದ ನೀರು ಎಲ್ಲಿಯವರೆಗೆ ಏರಿತ್ತೆಂದು ಆ ಮಚ್ಚೆ ಹೇಳುತ್ತದೆ. ಮಚ್ಚೆಯಿಂದಾಗಲಿ ಬಂಡೆಯಿಂದಾಗಲಿ ಟ್ರೆಂಚಿನ ತಳ ಕನಿಷ್ಠ 12 ಇಂಚು ಮೇಲಿರಬೇಕು, ಮರಳಾದರೆ 18. ಮಾರ್ಚ್‌ನಲ್ಲಿ ಮಲೆನಾಡಿಗೆ ಹೋಗಿ ಜಾಗ ನೋಡಿ ಅಡ್ವಾನ್ಸ್ ಕೊಟ್ಟು, ಆಷಾಢದಲ್ಲಿ ಅಡುಗೆಮನೆಯೊಳಗೆ ಜಲ ಎದ್ದಾಗ ತಲೆ ಮೇಲೆ ಕೈ ಹೊರುವವರಿಗೆ ಈ ಮಚ್ಚೆಯ ಪಾಠ ಸಾಕು.

ಲೆಕ್ಕ ಸರಳ. ಬೆಡ್‌ರೂಮಿಗೆ ದಿನಕ್ಕೆ 120 ಗ್ಯಾಲನ್, ಮೂರಕ್ಕೆ 360, ಅಂದರೆ ಸುಮಾರು 1,360 ಲೀಟರ್. ಜೇಡಿ ಮಣ್ಣು ದಿನಕ್ಕೆ ಚದರಡಿಗೆ 0.3 ಗ್ಯಾಲನ್ ಹೀರಿದರೆ 1,200 ಚದರಡಿ ಬೇಕು. 3 ಅಡಿ ಅಗಲದ ಟ್ರೆಂಚಾದರೆ 400 ಅಡಿ ಉದ್ದ. 0.6 ಹೀರುವ ಮಣ್ಣಿಗೆ 200 ಅಡಿ ಸಾಕು. ಮುಂದೊಂದು ದಿನ ಕೆಟ್ಟರೆ ಮತ್ತೆ ಹಾಕಲು ಬದಲಿ ಜಾಗವನ್ನೂ ಈಗಲೇ ಕಾದಿಡಬೇಕು. ಇಳಿಜಾರಲ್ಲಿ ಇನ್ನೊಂದು ತೊಡಕಿದೆ. ಟ್ರೆಂಚಿನ ತಳ ಸಮವಾಗಿರಬೇಕಾದ್ದರಿಂದ ಶೇ. 30ರ ಇಳಿಜಾರಲ್ಲಿ 3 ಅಡಿ ಟ್ರೆಂಚಿನ ಮೇಲ್ಬದಿ ಕೆಳಬದಿಗಿಂತ ಸುಮಾರು 11 ಇಂಚು ಹೆಚ್ಚು ಆಳಕ್ಕಿಳಿಯುತ್ತದೆ. ತೆಳು ಮಣ್ಣಿನ ಗುಡ್ಡದಲ್ಲಿ ಅಷ್ಟಕ್ಕೇ ಬಂಡೆ ತಗಲುತ್ತದೆ. ಒದ್ದೆಯಿದ್ದಾಗ ತೋಡಿಸಿದರಂತೂ ಜೆಸಿಬಿಯ ಬಕೆಟ್ ಟ್ರೆಂಚಿನ ಬದಿಗಳನ್ನು ಸಗಣಿ ಸಾರಿಸಿದ ಹಾಗೆ ಮೆತ್ತಿಬಿಡುತ್ತದೆ. ಮಣ್ಣು ಎಷ್ಟು ಒಳ್ಳೆಯದಿದ್ದರೂ ನೀರು ಹಿಡಿಯುವುದಿಲ್ಲ. ಒಣಗಿದಾಗ ತೋಡಿಸಿ, ಬದಿಗಳನ್ನು ಕುಂಟೆಯಿಂದ ಕೆರೆಯಬೇಕು.

ನಮ್ಮೂರುಗಳಲ್ಲಿ ಒಂದು ಹೆಮ್ಮೆಯ ಮಾತಿದೆ: "ಗುಂಡಿ ಇಪ್ಪತ್ತು ವರ್ಷದಿಂದ ತುಂಬಿಲ್ಲ." ಸಿಮೆಂಟ್ ರಿಂಗ್ ಇಳಿಸಿದ, ತಳವಿಲ್ಲದ ಗುಂಡಿ ತುಂಬದಿದ್ದರೆ ಅದು ಎಲ್ಲಿಗೋ ಹೋಗುತ್ತಿದೆ ಎಂದರ್ಥ. ಮುರಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ತೂತುಗಳಲ್ಲಿ ಅದು ಕೆಳಗಿನ ಬಾವಿಗೆ ಹೋಗಲು ಹೆಚ್ಚು ದಿನ ಬೇಡ.

ಕಟ್ಟಡದ ವಿಷಯಕ್ಕೆ ಬಂದರೆ ಇಲ್ಲಿಯ ಬೆಟ್ಟಕ್ಕೂ ನಮ್ಮ ಕರಾವಳಿ, ಮಲೆನಾಡಿನ ಗುಡ್ಡಕ್ಕೂ ಕಾಯಿಲೆ ಒಂದೇ. ಬ್ಲೂ ರಿಡ್ಜ್‌ನಲ್ಲಿ ಕೆಂಪು ಜೇಡಿಯ ಕೆಳಗೆ ಕೊಳೆತ ಕಲ್ಲು ಸಿಗುತ್ತದೆ. ನೋಡಲು ಕಲ್ಲಿನ ಗೆರೆಗಳೇ, ಉಗುರಲ್ಲಿ ಗೀರಿದರೆ ಪುಡಿ, ಜೊತೆಗೆ ಜಾರುವ ಕಾಗೆಬಂಗಾರ. ಕರಾವಳಿಯಲ್ಲಿ ಮುರಕಲ್ಲಿನ ಕೆಳಗಿನ ಶೇಡಿ ಮಣ್ಣು ಇದರ ದಾಯಾದಿ. ಒಣಗಿದ್ದಾಗ ಗೋಡೆಯಂತೆ ನೆಟ್ಟಗೆ ನಿಲ್ಲುತ್ತದೆ, ನೆನೆದರೆ ಅಂಬಲಿ. ಜೆಸಿಬಿಯವರು ಬೇಸಿಗೆಯಲ್ಲಿ ಲಂಬವಾಗಿ ಕಡಿದ ಗುಡ್ಡದ ಬರೆ ಮಳೆಗಾಲದಲ್ಲಿ ಕುಸಿಯುವುದು ಇದಕ್ಕೇ. ಕಡಿದ ಮಣ್ಣನ್ನು ಕೆಳಬದಿಗೆ ದೂಡಿ ಅರ್ಧ ಮನೆಯನ್ನು ಅದರ ಮೇಲೆ ಕಟ್ಟಿದರೆ ಗಟ್ಟಿ ನೆಲ ಮತ್ತು ತುಂಬು ಮಣ್ಣು ಸೇರುವ ಗೆರೆಯಲ್ಲೇ ಗೋಡೆ ಬಿರುಕು ಬಿಡುತ್ತದೆ. ತುಂಬಲೇಬೇಕಾದರೆ ಮೊದಲು ಬೇರು, ಬೊಡ್ಡೆ, ಮೇಲ್ಮಣ್ಣು ತೆಗೆದು, ಸುಮಾರು 8 ಇಂಚಿನ ಪದರಗಳಲ್ಲಿ ಹಾಕಿ ದಮ್ಮಸು ಮಾಡಬೇಕು. 100 ಚದರ ಮೀಟರ್ ಚಾವಣಿಯ ಮೇಲೆ 200 ಮಿ.ಮೀ. ಮಳೆ ಸುರಿದರೆ 20,000 ಲೀಟರ್. ಅದನ್ನು ತುಂಬು ಮಣ್ಣಿನ ಮೇಲೆ ಬಿಡುವುದು ಕೈಯಾರೆ ತಂದುಕೊಳ್ಳುವ ಆಪತ್ತು. ಕಡಿದ ಬರೆಯ ನೆತ್ತಿಯಲ್ಲಿ ಇಂಗುಗುಂಡಿ ತೋಡುವ ಉತ್ಸಾಹವೂ ಅಷ್ಟೇ. ಅಲ್ಲಿ ಬೇಕಾದ್ದು ಇಂಗಿಸುವುದಲ್ಲ, ಬಸಿಗಾಲುವೆ. ಅಡಿಕೆ ತೋಟದಲ್ಲಿ ತಲೆಮಾರುಗಳಿಂದ ಬಸಿಗಾಲುವೆ ತೆಗೆದವರಿಗೆ ಇದನ್ನು ಹೇಳಿಕೊಡಬೇಕಾಗಿ ಬಂದಿರುವುದೇ ವಿಚಿತ್ರ.

ಹಾಗೆಂದು ಅಮೆರಿಕ ಮಾದರಿಯಲ್ಲ. ಇಲ್ಲಿ ಕೊಳಚೆ ನೀರಿಗೆ ಇರುವ ಬಿಗಿ ಇಳಿಜಾರಿಗೆ ಇಲ್ಲ. 2004ರ ಚಂಡಮಾರುತಗಳ ನಂತರ ಈ ರಾಜ್ಯ ಭೂಕುಸಿತದ ನಕ್ಷೆ ಮಾಡಲು ಹೊರಟಿತು, 2011ರಲ್ಲಿ ಹಣ ನಿಲ್ಲಿಸಿತು, 2018ರಲ್ಲಿ ಮತ್ತೆ ಶುರು ಮಾಡಿತು. 2024ರ ಸೆಪ್ಟೆಂಬರ್‌ನಲ್ಲಿ ಹೆಲೀನ್ ಚಂಡಮಾರುತ ಬಂದಾಗ ಈ ಬೆಟ್ಟಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಕುಸಿತಗಳಾದವು. 2018ರ ಆಗಸ್ಟ್‌ನಲ್ಲಿ ಮಡಿಕೇರಿ ಸುತ್ತ ಕಂಡದ್ದನ್ನೇ ಅದು ನೆನಪಿಸಿತು.

ತೋಟಕ್ಕೆ ಹೆಚ್ಚು ಹೇಳಬೇಕಿಲ್ಲ. ಇಲ್ಲಿಯ ಮಣ್ಣು ಹುಳಿ, ಅಂದರೆ ಆಮ್ಲೀಯ. ಬ್ಲೂಬೆರಿಗೆ ಅದೇ ಹಿತ, ಬದನೆ, ಟೊಮೆಟೊಗೆ ಸುಣ್ಣ ಬೇಕು. ಎಷ್ಟು ಎಂಬುದನ್ನು ಊಹಿಸಬೇಡಿ. ತರಕಾರಿ ಪಾತಿಯಾದರೆ 6ರಿಂದ 8 ಇಂಚು ಆಳದ ಮಣ್ಣನ್ನು ಹಲವು ಕಡೆಯಿಂದ ತೆಗೆದು ಬೆರೆಸಿ ಈ ರಾಜ್ಯದ ಕೃಷಿ ಇಲಾಖೆಯ ಪ್ರಯೋಗಾಲಯಕ್ಕೆ ಕಳಿಸಿ. ಏಪ್ರಿಲ್‌ನಿಂದ ನವೆಂಬರ್‌ವರೆಗೆ ಉಚಿತ, ಉಳಿದ ತಿಂಗಳು ಮಾದರಿಗೆ 4 ಡಾಲರ್. ಮನೆ ಕಟ್ಟುವಾಗಲೇ ಕಪ್ಪು ಮೇಲ್ಮಣ್ಣನ್ನು ಬೇರೆ ರಾಶಿ ಹಾಕಿಸದಿದ್ದರೆ ಮುಂದೆ ಲಾರಿಯಲ್ಲಿ ಕೊಂಡು ತರಿಸಬೇಕಾಗುತ್ತದೆ. ಬಿಸಿಲು ಚೆನ್ನಾಗಿ ಬೀಳುವ ಸಮತಟ್ಟಾದ ಜಾಗ ಹೆಚ್ಚಾಗಿ ಟ್ರೆಂಚಿನ ಮೇಲೆಯೇ ಇರುತ್ತದೆ. ಬಸಳೆ ಚಪ್ಪರಕ್ಕೆ ಎಷ್ಟೇ ಆಸೆಯಾದರೂ ಅಲ್ಲಿ ಹುಲ್ಲು ಮಾತ್ರ, ಬದಲಿ ಜಾಗದ ಮೇಲೆ ಶೆಡ್ಡೂ ಬೇಡ.