ಗಟ್ಟಿ ಬಿಸ್ಕೋಟಿಯ ಪರವಾಗಿ ಎರಡು ಮಾತು

ಬಿಸ್ಕೋಟಿ ಅಂದರೆ ಎರಡು ಸಲ ಕಾಯಿಸಿ ಒಣಗಿಸಿದ ಇಟಲಿಯ ಬಾದಾಮಿ ಬಿಸ್ಕತ್ತು. ಅದರ ಮೇಲೆ ಜನರ ದೂರು ಒಂದೇ: ಗಟ್ಟಿ. ಮೊದಲ ಸಲ ಕಚ್ಚಿದವರ ಮುಖ ನೋಡಬೇಕು. ದವಡೆ ಅರ್ಧದಲ್ಲೇ ನಿಲ್ಲುತ್ತದೆ, ಕಣ್ಣು ಪಿಳಿಪಿಳಿ ಅನ್ನುತ್ತದೆ, ಕೈ ಮೆಲ್ಲಗೆ ಕೆನ್ನೆ ಸವರಿಕೊಳ್ಳುತ್ತದೆ. ಎಲ್ಲ ಹಲ್ಲೂ ಇದ್ದಲ್ಲೇ ಇವೆಯಾ ಅಂತ. ನಮ್ಮ ಮನೆಗೆ ಮೊದಲು ತಂದಾಗ ಅಜ್ಜಿ ಒಂದನ್ನು ಎತ್ತಿ ಮೇಜಿಗೆ ಟಕ್ ಟಕ್ ಎಂದು ಬಡಿದರು. "ಹಳೇ ಮಾಲು ಕಣೋ. ನಿನ್ನ ತಲೆಗೆ ಕಟ್ಟಿದಾನೆ. ವಾಪಸ್ ಕೊಟ್ಟು ಬಾ" ಅಂದರು.

ನಾನು ಬಿಸ್ಕೋಟಿಯ ವಕೀಲ. ಗಟ್ಟಿ ಅನ್ನುವ ಆರೋಪವನ್ನು ಒಪ್ಪಿಕೊಂಡೇ ಕೇಸು ನಡೆಸುವವನು. ಗಟ್ಟಿ ಇರುವುದರಿಂದಲೇ ಅದು ಚೆನ್ನ. ಬೇರೆ ತಿಂಡಿಗಳೆಲ್ಲ ಪೂರ್ತಿ ತಯಾರಾಗಿ ತಟ್ಟೆಗೆ ಬರುತ್ತವೆ. ಬಿಸ್ಕೋಟಿಯನ್ನು ಬೇಕರಿಯವರು ಮುಕ್ಕಾಲು ಮಾಡಿ ಕಳಿಸುತ್ತಾರೆ. ಉಳಿದ ಕಾಲು ಭಾಗ ನಮ್ಮ ಲೋಟದಲ್ಲಿ ಆಗಬೇಕು.

ಇದರ ತವರು ಇಟಲಿಯ ಟಸ್ಕನಿ. ಅದರಲ್ಲೂ ಫ್ಲಾರೆನ್ಸ್ ಪಕ್ಕದ ಪ್ರಾಟೊ. ಆ ಊರು ಹೆಸರಾದದ್ದು ಉಣ್ಣೆ ಬಟ್ಟೆಗೆ. ಹಳೇ ಚಿಂದಿಯನ್ನು ಬಿಡಿಸಿ ಮತ್ತೆ ನೂಲು ತೆಗೆದು ಹೊಸ ಬಟ್ಟೆ ನೇಯುವುದರಲ್ಲಿ ಅಲ್ಲಿಯವರದು ಎತ್ತಿದ ಕೈ. ಅಲ್ಲಿ 1858ರಲ್ಲಿ ಆಂಟೋನಿಯೊ ಮಟ್ಟೇಯಿ ಎಂಬಾತ ಬಿಸ್ಕತ್ತಿನ ಅಂಗಡಿ ಇಟ್ಟ. ಅಂಗಡಿ ಇವತ್ತಿಗೂ ನಡೆಯುತ್ತಿದೆ. ನೀಲಿ ಕಾಗದದ ಪೊಟ್ಟಣ, ಬಾಯಿಗೆ ದಾರ ಸುತ್ತಿ ಗಂಟು. ಅಲ್ಲಿ ಹೋಗಿ ಸುಮ್ನೆ 'ಬಿಸ್ಕೋಟಿ ಕೊಡಿ' ಎಂದರೆ ಯಾವ ಬಿಸ್ಕತ್ತು ಎಂದು ಕೇಳುತ್ತಾರಂತೆ. ಇಟಲಿಯವರಿಗೆ ಎಲ್ಲ ಬಿಸ್ಕತ್ತೂ ಬಿಸ್ಕೋಟಿಯೇ. ನಮ್ಮ ಕಾಫಿ ಶಾಪಿನ ಗಾಜಿನ ಜಾಡಿಯಲ್ಲಿ ಓರೆಯಾಗಿ ನಿಂತಿರುವುದಕ್ಕೆ ಟಸ್ಕನಿಯವರು ಕಾಂತುಚ್ಚಿ ಅನ್ನುತ್ತಾರೆ. 2016ರಲ್ಲಿ ಯುರೋಪಿಯನ್ ಒಕ್ಕೂಟ ಟಸ್ಕನಿಯ ಕಾಂತುಚ್ಚಿಗೆ ನಮ್ಮ ಧಾರವಾಡ ಪೇಡದ ಜಿಐ (ಊರಿನ ಹೆಸರು ಕಾಯುವ ಗುರುತು) ಥರದ್ದೇ ಒಂದು ಮುದ್ರೆ ಒತ್ತಿಕೊಟ್ಟಿತು.

ಪ್ರಾಟೊದ ಹಳೇ ರೀತಿಯಲ್ಲಿ ಸಾಮಾನಿನ ಪಟ್ಟಿ ತುಂಬ ಚಿಕ್ಕದು. ಮೈದಾ, ಸಕ್ಕರೆ, ಮೊಟ್ಟೆ, ಸಿಪ್ಪೆ ತೆಗೆಯದ ಇಡೀ ಬಾದಾಮಿ, ಒಂದಿಷ್ಟು ಪೈನ್ ಬೀಜ. ಬೆಣ್ಣೆ ಇಲ್ಲ, ಎಣ್ಣೆ ಇಲ್ಲ, ಹಾಲೂ ಇಲ್ಲ. ಬೆಣ್ಣೆ ಇಲ್ಲದ್ದಕ್ಕೇ ಅಷ್ಟು ಗಟ್ಟಿ. ಬೇಗ ಕಮಟು ಹಿಡಿಯದೆ ವಾರಗಟ್ಟಲೆ ಡಬ್ಬಿಯಲ್ಲಿ ಉಳಿಯುವುದಕ್ಕೂ ಅದೇ ಕಾರಣ.

ಮನೆಯಲ್ಲಿ ಮಾಡುವುದು ಕಷ್ಟವೇನಲ್ಲ. ಹಿಟ್ಟನ್ನು ಉದ್ದಕ್ಕೆ ದಿಂಡಿನ ಹಾಗೆ ಮಾಡಿ, ಸ್ವಲ್ಪ ತಟ್ಟಿ, ಓವನ್ನಿನಲ್ಲಿ 180 ಡಿಗ್ರಿಯಲ್ಲಿ ಇಡಬೇಕು. ಮೇಲೆ ಬಣ್ಣ ಬಂದ ಮೇಲೆ ಹೊರಗೆ ತೆಗೆದು, ಇನ್ನೂ ಬೆಚ್ಚಗಿರುವಾಗಲೇ ಓರೆಯಾಗಿ ಹೆಚ್ಚಬೇಕು. ಎಲ್ಲ ಗುಟ್ಟೂ ಇಲ್ಲೇ ಇದೆ. ಪೂರ್ತಿ ಆರಲು ಬಿಟ್ಟರೆ ಚಾಕು ಬಾದಾಮಿಗೆ ತಾಗಿದ ಕೂಡಲೇ ದಿಂಡು ಪುಡಿಯಾಗುತ್ತದೆ. ಬಿಸಿ ಜಾಸ್ತಿ ಇದ್ದರೆ ಒಳಗಿನ ಹಿಟ್ಟು ಚಾಕುವಿಗೇ ಮೆತ್ತಿಕೊಳ್ಳುತ್ತದೆ. ಹದವಾಗಿದ್ದರೆ ಒಂದೇ ಒತ್ತಿಗೆ ಬಾದಾಮಿಯೂ ಸೀಳುತ್ತದೆ. ಕಡಿದ ಮುಖದ ಮೇಲೆ ಬಿಳಿ ಬಾದಾಮಿ, ಅದರ ಸುತ್ತ ಸಿಪ್ಪೆಯ ಕಂದು ಗೆರೆ. ಈ ಹೋಳುಗಳನ್ನು ಮಲಗಿಸಿ, ಉರಿ ತಗ್ಗಿಸಿ ಮತ್ತೆ ಒಳಗಿಡಬೇಕು. ಎರಡನೇ ಸಲದ ಕೆಲಸ ಬೇಯಿಸುವುದಕ್ಕಿಂತ ಒಣಗಿಸುವುದು.

ಹಿಟ್ಟನ್ನು ಹೀಗೆ ಎರಡೆರಡು ಸಲ ಕಾಯಿಸುವುದು ರುಚಿಗಾಗಿ ಶುರುವಾದದ್ದಲ್ಲ. ನೀರಿನಂಶ ಹೋದರೆ ಬೂಸ್ಟು ಬರುವುದಿಲ್ಲ. ದಾರಿಗೆ, ದಂಡಿಗೆ, ಹಡಗಿಗೆ ಆಗುತ್ತದೆ. ರೋಮನ್ ಸೈನಿಕರ ಬುತ್ತಿಯಲ್ಲಿ ಇಂಥ ಒಣ ರೊಟ್ಟಿ ಇತ್ತು. ಜಿನೋವಾದ ನಾವಿಕರೂ ಒಣ ಬಿಸ್ಕತ್ತು ಕಟ್ಟಿಕೊಂಡೇ ಸಮುದ್ರಕ್ಕೆ ಇಳಿಯುತ್ತಿದ್ದರು. ದಕ್ಷಿಣ ಇಟಲಿಯ ಪುಲಿಯಾ ಕಡೆ ಫ್ರಿಸೆಲ್ಲೆ ಎಂಬ ಬಳೆಯಾಕಾರದ ಗಟ್ಟಿ ರೊಟ್ಟಿ ಇದೆ. ಅದನ್ನು ನೀರಲ್ಲಿ ಅದ್ದಿ ತೆಗೆದು, ಮೇಲೆ ಟೊಮೇಟೊ ಹೆಚ್ಚಿ ಹಾಕಿ, ಆಲಿವ್ ಎಣ್ಣೆ ಸುರಿದುಕೊಂಡು ತಿನ್ನುತ್ತಾರೆ. ಇದೇ ಬಳಗದ ಇನ್ನೊಬ್ಬ ನೆಂಟ ನಮ್ಮ ಬೇಕರಿಗಳ ರಸ್ಕು. ಅಜ್ಜಿ ಅದನ್ನು ತಕ್ಷಣ ಗುರುತು ಹಿಡಿದರು. ವಾಪಸ್ ಕೊಡುವ ಮಾತು ನಿಂತ ಮೇಲೆ, ಸಂಜೆ ಕಾಫಿಗೆ ಒಂದನ್ನು ಅದ್ದಿ ತಿಂದು, "ರಸ್ಕೇ ಇದು. ಬಾದಾಮಿ ಹಾಕಿದಾರೆ ಅಷ್ಟೆ. ಎಷ್ಟು ಕೊಟ್ಟೆ?" ಅಂದರು. ಬೆಲೆ ನಾನು ಹೇಳಲಿಲ್ಲ.

ಆದರೆ ರಸ್ಕಿಗೂ ಇದಕ್ಕೂ ಅದ್ದುವ ವಿಷಯದಲ್ಲಿ ಅಜಗಜಾಂತರ. ರಸ್ಕು ಯೀಸ್ಟ್ ಹಾಕಿ ಉಬ್ಬಿಸಿದ ಬ್ರೆಡ್ಡು. ಮೈ ತುಂಬ ದೊಡ್ಡ ದೊಡ್ಡ ತೂತು. ಕಾಫಿ ಮುಟ್ಟಿಸಿದರೆ ಸಾಕು, ಗಟಗಟ ಕುಡಿದುಬಿಡುತ್ತದೆ. ಒಂದು ಕ್ಷಣ ಆಚೆ ನೋಡಿದಿರೋ, ಅರ್ಧ ರಸ್ಕು ಲೋಟದ ತಳದಲ್ಲಿ. ಬಿಸ್ಕೋಟಿಯ ಮೈ ಬಿಗಿ, ತೂತು ಸಣ್ಣ. ಅದ್ದಿದಾಗ ಅದರ ಪಕ್ಕದಿಂದ ಸಾಸಿವೆಗಿಂತ ಚಿಕ್ಕ ಗುಳ್ಳೆಗಳು ಸಾಲಾಗಿ ಮೇಲೆ ಬರುತ್ತವೆ. ಕಾಫಿ ಒಳಗೆ ಹೋದಷ್ಟೂ ಗಾಳಿ ಹೊರಗೆ ಬರುತ್ತಿದೆ ಅಂತ ಅರ್ಥ. ಗುಳ್ಳೆ ನಿಧಾನವಾಯಿತೋ, ಎತ್ತಿಬಿಡಿ. ಗಡಿಯಾರ ನೋಡುವುದಕ್ಕಿಂತ ಇದು ಒಳ್ಳೆಯ ಲೆಕ್ಕ.

ಈ ಅದ್ದುವ ವಿದ್ಯೆಗೆ ವಿಜ್ಞಾನವೂ ಇದೆ. ಲೆನ್ ಫಿಶರ್ ಎಂಬ ಭೌತವಿಜ್ಞಾನಿ ಬಿಸ್ಕತ್ತನ್ನು ಚಹಾದಲ್ಲಿ ಎಷ್ಟು ಹೊತ್ತು, ಹೇಗೆ ಅದ್ದಬೇಕು ಎಂದು ಲೆಕ್ಕ ಹಾಕಿದರು. ಅದಕ್ಕೆ 1999ರಲ್ಲಿ ಇಗ್ ನೊಬೆಲ್ ಬಂತು. ಮೊದಲು ನಗಿಸಿ ಆಮೇಲೆ ಯೋಚನೆಗೆ ಹಚ್ಚುವ ಸಂಶೋಧನೆಗೆ ಕೊಡುವ ಬಹುಮಾನ ಅದು. ಅವರು ಬಳಸಿದ್ದು ವಾಷ್‌ಬರ್ನ್ ಎಂಬಾತ 1921ರಲ್ಲೇ ಬರೆದಿಟ್ಟ ಸೂತ್ರ. ಸಣ್ಣ ರಂಧ್ರಗಳಲ್ಲಿ ದ್ರವ ಹೇಗೆ ಹತ್ತುತ್ತದೆ ಅನ್ನುವುದು ಅದರ ವಿಷಯ. ನಮಗೆ ಬೇಕಾದ್ದು ಇಷ್ಟು: ಎರಡರಷ್ಟು ಆಳಕ್ಕೆ ನೆನೆಯಬೇಕಾದರೆ ನಾಲ್ಕರಷ್ಟು ಹೊತ್ತು ಬೇಕು. ಅಂದರೆ ದಪ್ಪ ಬಿಸ್ಕೋಟಿಗೆ ತಾಳ್ಮೆಯೂ ದಪ್ಪ ಇರಬೇಕು. ಮಾಮೂಲಿ ಬಿಸ್ಕತ್ತಿನಲ್ಲಿ ಹಿಟ್ಟಿನ ಕಣಗಳನ್ನು ಹಿಡಿದಿಡುವ ಅಂಟು ಹೆಚ್ಚಾಗಿ ಸಕ್ಕರೆಯದ್ದು. ಬಿಸಿ ಚಹಾದಲ್ಲಿ ಸಕ್ಕರೆ ಕರಗಿದ್ದೇ ತಡ, ಬಿಸ್ಕತ್ತು ಕುಸಿಯುತ್ತದೆ. ಬಿಸ್ಕೋಟಿಯಲ್ಲಿ ಮೊಟ್ಟೆಯ ಕಟ್ಟೂ ಇದೆ. ಬೆಂದ ಮೊಟ್ಟೆ ಕಾಫಿಯಲ್ಲಿ ಕರಗುವುದಿಲ್ಲವಲ್ಲ. ಅದಕ್ಕೇ ಮೆತ್ತಗಾದರೂ ಮುರಿದು ಬೀಳುವುದಿಲ್ಲ.

ಟಸ್ಕನಿಯಲ್ಲಿ ಅದ್ದುವುದು ಕಾಫಿಗಲ್ಲ, ಊಟ ಮುಗಿದ ಮೇಲೆ ವಿನ್ ಸ್ಯಾಂಟೊ ಎಂಬ ಸಿಹಿ ವೈನಿಗೆ. ಟ್ರೆಬ್ಬಿಯಾನೊ, ಮಾಲ್ವಾಸಿಯಾ ಜಾತಿಯ ದ್ರಾಕ್ಷಿಯನ್ನು ಕೊಯ್ದು, ಚಾಪೆಯ ಮೇಲೆ ಹರಡಿ ಇಲ್ಲವೇ ಸೂರಿಗೆ ನೇತುಹಾಕಿ ತಿಂಗಳುಗಟ್ಟಲೆ ಒಣಗಿಸುತ್ತಾರೆ. ಆಮೇಲೆ ಹಿಂಡಿ, ಸಣ್ಣ ಮರದ ಪೀಪಾಯಿಗೆ ತುಂಬಿ, ವರ್ಷಗಟ್ಟಲೆ ಅಟ್ಟದ ಮೇಲೆ ಬಿಡುತ್ತಾರೆ. ಬೇಸಿಗೆಯಲ್ಲಿ ಕಾಯಲಿ, ಚಳಿಯಲ್ಲಿ ತಣಿಯಲಿ ಅಂತ. ಒಣಗಿಸಿದ ದ್ರಾಕ್ಷಿಗೆ ಒಣಗಿಸಿದ ಹಿಟ್ಟು, ಜೋಡಿ ಸರಿಯಾಗಿದೆ. ಇಷ್ಟು ಕಷ್ಟಪಟ್ಟು ಮಾಡಿದ ವೈನಿಗೆ ಬಿಸ್ಕತ್ತು ಅದ್ದುವುದೇ ಎಂದು ಬೇಸರ ಮಾಡಿಕೊಳ್ಳುವ ವೈನಿನವರೂ ಅಲ್ಲಿ ಇದ್ದಾರೆ. ಅವರ ಸಂಕಟ ಅರ್ಥವಾಗುತ್ತದೆ. ಆದರೂ ನನ್ನ ಓಟು ಅದ್ದುವವರಿಗೇ.

ವೈನು ಬೇಡದವರಿಗೆ ಫಿಲ್ಟರ್ ಕಾಫಿ ಇದ್ದೇ ಇದೆ. ಸ್ವಲ್ಪ ಡಿಕಾಕ್ಷನ್ ಮುಂದಾಗಿರಲಿ, ಸಕ್ಕರೆ ಕಮ್ಮಿ ಇರಲಿ. ಬಿಸ್ಕೋಟಿಯೇ ಸಿಹಿ ತರುತ್ತದೆ. ಲೋಟ ತುಂಬ ಹಾಕಿಸಿಕೊಳ್ಳಬೇಡಿ, ಅದ್ದಿದಾಗ ಉಕ್ಕಿ ಬಟ್ಟೆ ಮೇಲೆ ಬೀಳುತ್ತದೆ. ಅದ್ದಿ ಎತ್ತಿದ ತಕ್ಷಣ ಬಾಯಿಗೆ ಹಾಕುವುದೂ ಬೇಡ. ಒಂದು ಉಸಿರಿನಷ್ಟು ಹೊತ್ತು ಹಾಗೇ ಹಿಡಿದುಕೊಳ್ಳಿ, ಹೊರಗಿನ ತೇವ ಒಳಗೆ ಇಳಿಯಲಿ. ಆಗ ಅಂಚು ಮೆತ್ತಗೆ, ನಡುವೆ ಇನ್ನೂ ಕುರುಕು, ಅದರೊಳಗೆ ಬಾದಾಮಿ ಗಟ್ಟಿ. ಒಂದೇ ತುತ್ತಿನಲ್ಲಿ ಮೂರು ಹದ.

ಕೆಲವು ಕಡೆ ಬಿಸ್ಕೋಟಿ ಅಂತ ಕೊಡುವುದಕ್ಕೆ ಬೆಣ್ಣೆ ಸುರಿದು ಮೊದಲೇ ಮೆತ್ತಗೆ ಮಾಡಿರುತ್ತಾರೆ. ಅರ್ಧಕ್ಕೆ ಚಾಕೊಲೇಟ್ ಬಳಿದಿರುತ್ತಾರೆ. ಗಿರಾಕಿಯ ಹಲ್ಲಿನ ಮೇಲೆ ಅಷ್ಟು ಕನಿಕರ. ಅದನ್ನು ಅದ್ದಿದರೆ ಕಾಫಿಯ ಮೇಲೆ ಬೆಣ್ಣೆಯ ಕಣ್ಣುಗಳು ತೇಲುತ್ತವೆ, ಚಾಕೊಲೇಟ್ ಕರಗಿ ಬೆರಳಿಗೆ ಅಂಟುತ್ತದೆ. ಅದ್ದದೇ ತಿಂದರೆ ಅದೊಂದು ಸಾಧಾರಣ ಕೇಕು. ಪಿಸ್ತಾ, ಕಿತ್ತಳೆ ಸಿಪ್ಪೆ, ಸೋಂಪು ಹಾಕಿದ್ದಕ್ಕೆ ನನ್ನ ತಕರಾರಿಲ್ಲ. ಸೋಂಪು ನಮ್ಮ ಕಾಫಿಗೂ ಹೊಂದುತ್ತದೆ.

ಮಳೆಗಾಲದಲ್ಲಿ ಮಾತ್ರ ಎಚ್ಚರ. ಕರಾವಳಿಯ ಆಷಾಢದಲ್ಲಿ ಡಬ್ಬಿ ಮುಚ್ಚಳ ಸ್ವಲ್ಪ ಸಡಿಲವಿದ್ದರೂ ಸಾಕು, ಬಿಸ್ಕೋಟಿ ಮೆತುವಾಗುತ್ತದೆ. ಎಸೆಯಬೇಡಿ. ಓವನ್ನಿನಲ್ಲಿ ಸಣ್ಣ ಉರಿಗೆ ಹತ್ತು ನಿಮಿಷ ಇಟ್ಟು, ಪೂರ್ತಿ ಆರಲು ಬಿಟ್ಟರೆ ಮತ್ತೆ ಟಕ್ ಅನ್ನುತ್ತದೆ. ಬಿಸಿಯಲ್ಲಿ ಮುಟ್ಟಿ ನೋಡಿ 'ಇನ್ನೂ ಮೆತ್ತಗಿದೆ' ಎಂದು ಮತ್ತೆ ಮತ್ತೆ ಕಾಯಿಸಬಾರದು. ಆರಿದ ಮೇಲೆಯೇ ಅದು ಗಟ್ಟಿಯಾಗುವುದು.

ಇನ್ನು ಡಬ್ಬಿಯ ತಳದ ಪುಡಿ. ಅದನ್ನು ವೆನಿಲಾ ಐಸ್‌ಕ್ರೀಮಿನ ಮೇಲೆ ಉದುರಿಸಿಕೊಳ್ಳಬಹುದು. ಲೋಟದ ತಳದಲ್ಲಿ ಉಳಿದ ಗಷ್ಟಿನದ್ದು ಬೇರೆ ಪ್ರಶ್ನೆ. ಮರ್ಯಾದಸ್ಥರು ಅದನ್ನು ಬಿಟ್ಟು ಏಳುತ್ತಾರೆ. ನಾನಂತೂ ಮೊದಲೇ ಒಂದು ಚಮಚ ಇಟ್ಟುಕೊಂಡು ಕೂರುತ್ತೇನೆ.