ಹೆರಿಗೆಗೆ ಮೊದಲೇ ಕೇಳಿಕೊಳ್ಳಿ

ವಿದೇಶದಲ್ಲಿ ಹೆರಿಗೆಯಾಗುವವರು ಆ ದೇಶದ ಲಸಿಕೆ ಪಟ್ಟಿಯನ್ನು ಪಾಲಿಸಿದರೆ ಸಾಕು ಎಂದು ಕೆಲವರು ಬರೆಯುತ್ತಾರೆ. ಅಲ್ಲೇ ಉಳಿಯುವವರಿಗೆ ಅದು ಸರಿ. ಕೆಲವೇ ತಿಂಗಳಲ್ಲಿ ವಾಪಸ್ ಹೊರಡುವವರಿಗೆ ಸಾಲದು. ನಾನೂ ಆ ಪಟ್ಟಿ ಸಾಕು ಅಂದುಕೊಂಡಿದ್ದೆ. ಮಗಳಿಗೆ ಕ್ಷಯ (ಟಿಬಿ) ತಡೆಯುವ ಬಿಸಿಜಿ ಲಸಿಕೆ ಹಾಕಿಲ್ಲ ಎಂದು ಗೊತ್ತಾಗಿದ್ದು ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ. ತುಂಬಾ ಗಾಬರಿಯಾಗಿತ್ತು.

ಕ್ಷಯ ಜಾಸ್ತಿ ಇರುವ ದೇಶಗಳಲ್ಲಿ ಸಾಮಾನ್ಯವಾಗಿ ಹುಟ್ಟಿದ ಕೂಡಲೇ ಬಿಸಿಜಿ ಕೊಡುತ್ತಾರೆ. ಅಮೆರಿಕದಲ್ಲಿ ಎಲ್ಲ ಮಕ್ಕಳಿಗೂ ಕೊಡುವುದಿಲ್ಲ. ಬ್ರಿಟನ್‌ನಲ್ಲಿ ಅಪ್ಪ, ಅಮ್ಮ ಅಥವಾ ಅಜ್ಜ ಅಜ್ಜಿ ಕ್ಷಯ ಜಾಸ್ತಿ ಇರುವ ದೇಶದಲ್ಲಿ ಹುಟ್ಟಿದ್ದರೆ ಮಗುವಿಗೆ ಸಿಗುತ್ತದೆ, ಅದೂ ಸುಮಾರು 28 ದಿನಕ್ಕೆ. ಒಂದು ಬಾಟಲಿಯಲ್ಲಿ ಹಲವು ಮಕ್ಕಳಿಗೆ ಆಗುವಷ್ಟು ಲಸಿಕೆ ಇರುತ್ತದೆ. ತೆರೆದ ಮೇಲೆ ಕೆಲವೇ ಗಂಟೆಯಲ್ಲಿ ಮುಗಿಸಬೇಕು. ಹಾಗಾಗಿ ಕೇಳಿದ ದಿನವೇ ಸಿಗದಿರಬಹುದು, ಅದಕ್ಕೆ ಬೇಸರ ಮಾಡಿಕೊಳ್ಳಬೇಡಿ.

ಲಿವರ್‌ಗೆ ತಗಲುವ ಸೋಂಕಾದ ಹೆಪಟೈಟಿಸ್ ಬಿ ಲಸಿಕೆಯ ವಿಷಯದಲ್ಲಿ ಮಾತ್ರ ಕಾಯುವ ಹಾಗಿಲ್ಲ. ತಾಯಿಗೆ ಸೋಂಕಿದ್ದರೆ ಮಗುವಿಗೆ 24 ಗಂಟೆಯೊಳಗೆ ಮೊದಲ ಡೋಸ್ ಬೀಳಲೇಬೇಕು. ಗರ್ಭಿಣಿಯಾಗಿದ್ದಾಗಿನ ರಕ್ತ ಪರೀಕ್ಷೆಯ ವರದಿ ಕೈಯಲ್ಲಿರಲಿ.

ಇನ್ನೊಂದು ಮಾತು. ಲಸಿಕೆಯ ಹೆಸರು, ದಿನಾಂಕ, ಬ್ಯಾಚ್ ನಂಬರ್ ಇರುವ ಕಾರ್ಡನ್ನು ಕೇಳಿ ತೆಗೆದುಕೊಳ್ಳಿ. ಮುಂದಿನ ಡಾಕ್ಟರ್ ಮೊದಲು ನೋಡುವುದು ಅದನ್ನೇ ಅಲ್ವಾ?