ರಾತ್ರಿ ಒಂಬತ್ತಕ್ಕೆ ಥರ್ಮಾಕೋಲ್ ಎಲ್ಲಿಂದ ತರಲಿ?

ಕಳೆದ ಬುಧವಾರ ರಾತ್ರಿ 8.40ಕ್ಕೆ ಮಗಳ ತರಗತಿಯ ವಾಟ್ಸ್ಆ್ಯಪ್ ಗುಂಪಿಗೆ ಒಂದು ಸಂದೇಶ ಬಂತು: ನಾಳೆ ಎಲ್ಲ ಮಕ್ಕಳೂ ಮಳೆನೀರು ಕೊಯ್ಲಿನ ಮಾದರಿಯನ್ನು ಥರ್ಮಾಕೋಲಿನಲ್ಲಿ ಮಾಡಿ ತರಬೇಕು. ಆಗ ನಾನು ಕೂಳೂರು ಸೇತುವೆಯ ಬಳಿ ಅಲುಗಾಡದೆ ನಿಂತಿದ್ದ ಬಸ್ಸಿನಲ್ಲಿ ಕಂಬಿ ಹಿಡಿದು ನಿಂತಿದ್ದೆ. ಸುರತ್ಕಲ್ಲಿನಲ್ಲಿ ಇಳಿಯುವಾಗ ಪುಸ್ತಕದಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಮಗಳು ಓದುವುದು ನಾಲ್ಕನೇ ತರಗತಿ, ಬ್ಲೇಡು ಹಿಡಿದು ಕತ್ತರಿಸುವ ಪ್ರಾಯವಲ್ಲ. ಹಾಗಾಗಿ ಫ್ರಿಜ್ಜಿನ ಜೊತೆ ಬಂದಿದ್ದ ಹಳೆಯ ಥರ್ಮಾಕೋಲನ್ನು ಅಟ್ಟದಿಂದ ಇಳಿಸಿ, ಮಾಡು, ದಂಬೆ, ಟ್ಯಾಂಕಿ ಎಲ್ಲವನ್ನೂ ಹನ್ನೊಂದೂವರೆಯವರೆಗೆ ಕೂತು ಅಂಟಿಸಿದವಳು ನಾನು. ಅವಳು ಎರಡು ಗಂಟೆ ಮೊದಲೇ ನಿದ್ದೆ ಹೋಗಿದ್ದಳು. ಇದರಿಂದ ಅವಳು ಕಲಿತದ್ದೇನು? ಹೊರಗೆ ಆಟಿಯ ಮಳೆ ಧೋ ಎಂದು ಸುರಿಯುತ್ತಿದೆ. ಶಾಲೆಯ ಮಾಡಿನಿಂದ ಇಳಿಯುವ ನೀರು ಎಲ್ಲಿಗೆ ಹೋಗುತ್ತದೆಂದು ಮಕ್ಕಳನ್ನು ಜಗಲಿಯಲ್ಲಿ ಹತ್ತು ನಿಮಿಷ ನಿಲ್ಲಿಸಿ ತೋರಿಸಿದ್ದರೆ ಪಾಠ ಆಗಿಹೋಗುತ್ತಿತ್ತು. ಮೂರರಿಂದ ಐದನೇ ತರಗತಿಯವರಿಗೆ ವಾರಕ್ಕೆ ಹೆಚ್ಚೆಂದರೆ 2 ಗಂಟೆಯ ಹೋಂವರ್ಕ್ ಸಾಕೆಂದು ಕೇಂದ್ರದ 2020ರ ಶಾಲಾ ಬ್ಯಾಗ್ ನೀತಿಯೇ ಹೇಳುತ್ತದೆ. ಆ ಲೆಕ್ಕ ನಮ್ಮ ಮನೆಯಲ್ಲಿ ಒಂದೇ ರಾತ್ರಿಗೆ ಮುಗಿಯಿತು.

ನಾನು ಬೇಗ ಮನೆಗೆ ಬರಬಹುದಿತ್ತಲ್ಲವೇ ಎನ್ನುವವರಿಗೆ ಒಂದು ಮಾತು. ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961ರ ಪ್ರಕಾರ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ದುಡಿತ. ಅದಕ್ಕಿಂತ ಹೆಚ್ಚು ದುಡಿಸಿದರೆ ದುಪ್ಪಟ್ಟು ದರದಲ್ಲಿ ಕೂಲಿ ಕೊಡಬೇಕು. ನಾನು ಬೆಳಿಗ್ಗೆ ಒಂಬತ್ತಕ್ಕೆ ಕಚೇರಿ ಸೇರಿದರೆ ಹೊರಬೀಳುವುದು ಎಂಟಕ್ಕೆ. ದುಪ್ಪಟ್ಟು ಕೂಲಿಯ ಮಾತು ಹಾಗಿರಲಿ, ಆರು ಗಂಟೆಗೆ ಚೀಲ ಎತ್ತಿಕೊಂಡವರನ್ನು ‘ಅರ್ಧ ದಿನ ರಜೆಯಾ’ ಎಂದು ಎಲ್ಲರೆದುರು ಕೇಳುತ್ತಾರೆ.

ಅದೇ ರಾತ್ರಿ ಮಗಳ ಸಮವಸ್ತ್ರವನ್ನೂ ಒಗೆಯಬೇಕಿತ್ತು. ಇರುವುದು ಎರಡು ಜೊತೆ, ಈ ಮಳೆಗೆ ಬಟ್ಟೆ ಒಣಗಲು ಮೂರು ದಿನ ಬೇಕು. ಹಳೆಯ ವಾಷಿಂಗ್ ಮೆಷಿನ್ನಿಗೆ ತಿರುಗಿಸುವ ಎರಡು ಗುಂಡಿಗಳಿದ್ದವು. ಅತ್ತೆಯವರು ಸಂಜೆ ಐದಕ್ಕೇ ಬಟ್ಟೆ ಹಾಕಿ, ಒಗೆದು, ಹರವಿಬಿಡುತ್ತಿದ್ದರು. ಕೈಯಾರೆ ದುಡ್ಡು ಕೊಟ್ಟು ತಂದ ಈ ಸ್ಮಾರ್ಟ್ ಮೆಷಿನ್ನಿನಲ್ಲಿ ಬೇಗ ಒಗೆದು ಚೆನ್ನಾಗಿ ಹಿಂಡುವ ಕ್ರಮ ಇರುವುದು ಆ್ಯಪಿನಲ್ಲಿ ಮಾತ್ರ, ಆ್ಯಪ್ ಇರುವುದು ನನ್ನ ಫೋನಿನಲ್ಲಿ ಮಾತ್ರ. ಹಾಗಾಗಿ ಅತ್ತೆಯವರು ಮಾಡುತ್ತಿದ್ದ ಕೆಲಸವೂ ನಾನು ಬರುವವರೆಗೆ ಕಾಯುತ್ತದೆ. ಅಂದು ಫೋನು 5 ಗಿಗಾಹರ್ಟ್ಸ್ ವೈಫೈಯಲ್ಲಿತ್ತು, ಮೆಷಿನ್ನಿಗೆ ತಿಳಿಯುವುದು 2.4 ಮಾತ್ರ. ಅದನ್ನು ಸರಿಮಾಡಿದ ಮೇಲೆ ಪಾಸ್‌ವರ್ಡ್ ಕೇಳಿತು, ಆಮೇಲೆ ಒಟಿಪಿ, ಕೊನೆಗೆ ನಾನಿರುವ ಸ್ಥಳ ತಿಳಿಯಲು ಅನುಮತಿ. ಅಂಗಿ ಒಗೆಯಲು ನನ್ನ ಮನೆ ಎಲ್ಲಿದೆ ಎಂಬುದು ಯಾಕೆ ಬೇಕು?

ಗುರುವಾರ ಮಗಳು ಹಸಿ ಅಂಗಿಯಲ್ಲೇ ಶಾಲೆಗೆ ಹೋದಳು. ಮರುದಿನ ನಾನು ಹೋಗಿ, ಇಂಥದನ್ನು ಮೂರು ದಿನ ಮೊದಲೇ ತಿಳಿಸಬಾರದೇ ಎಂದು ಕೇಳಿದೆ. ‘ಉಳಿದ ಪೋಷಕರೆಲ್ಲ ಮಾಡಿ ಕಳಿಸಿದ್ದಾರಲ್ಲ’ ಎಂಬ ಉತ್ತರ ಬಂತು. ಆ ಉಳಿದವರಲ್ಲಿ ನಾಲ್ವರು ಬುಧವಾರ ರಾತ್ರಿ ಹತ್ತೂವರೆಗೆ ನನಗೆ ಫೋನ್ ಮಾಡಿ, ಥರ್ಮಾಕೋಲ್ ಸ್ವಲ್ಪ ಮಿಕ್ಕಿದೆಯಾ ಎಂದು ಕೇಳಿದ್ದರು.